ನಾಲ್ಕನೇ ಸಾಲಿಗೆ ಬಂದ ಪುಡಿ ಪೊಟ್ಟಣಗಳು

ನೂರು ಹಾಳೆಯ ಕಡತಕ್ಕೆ ಮೊದಲ ತೂತು ನೆಟ್ಟಗೆ ಬಿದ್ದರೆ ಉಳಿದ ಮೂರೂ ನೆಟ್ಟಗೆ ಬೀಳುತ್ತವೆ. ಹೆಡ್ ಕಾನ್‌ಸ್ಟೆಬಲ್ ಭವಾನಿ ದಬ್ಬಳವನ್ನು ಅಂಗೈಯಿಂದ ಒತ್ತಿ, ದಾರ ಎಳೆದು, ಎರಡನೆಯ ತೂತಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಮೇಜಿನ ಮೇಲೆ ಯಾರೋ ಒಂದು ರಟ್ಟಿನ ಪೊಟ್ಟಣವನ್ನು ಕುಕ್ಕಿದರು. ಸೋಪಿನ ಡಬ್ಬಿಯಷ್ಟು ದೊಡ್ಡದು. ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಗುತ್ತಿದ್ದ ಚಿತ್ರ. ಕೆಳಗೆ ‘ನಲವತ್ತು ದಿನದಲ್ಲಿ ಕುಡಿತಕ್ಕೆ ವಿದಾಯ’ ಎಂಬ ಕೆಂಪು ಅಕ್ಷರ.

ಅಂದು 2002ನೇ ಇಸವಿ ಜೂನ್ 12, ಬುಧವಾರ. ಹೊತ್ತು ಬೆಳಿಗ್ಗೆ 11 ಗಂಟೆ 10 ನಿಮಿಷ. ಭದ್ರಾವತಿಯ ಆ ಠಾಣೆಗೆ ಪೊಟ್ಟಣ ಹಿಡಿದು ಬಂದವರು ಷಣ್ಮುಖಪ್ಪ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವರು. ಕ್ವಾರ್ಟರ್ಸಿನ ನಾಲ್ಕನೇ ಸಾಲಿನಲ್ಲಿ ಮನೆ.

ಅವರು ಹೇಳಿದ್ದರ ಸಾರಾಂಶ ಇಷ್ಟು. ಶಿವಮೊಗ್ಗದ ಇಬ್ಬನಿ ಕೇಬಲ್ ಚಾನೆಲ್ಲಿನಲ್ಲಿ ದಿನಾ ನಾಲ್ಕು ಗಂಟೆಗೆ ‘ಬಾಗಿಲಿಗೇ ಬಜಾರು’ ಎಂಬ ಕಾರ್ಯಕ್ರಮ ಬರುತ್ತದೆ. ಹುಡುಗಿಯೊಬ್ಬಳು ಮಿಕ್ಸಿ, ಸೀರೆ, ಸೊಂಟನೋವಿನ ಬೆಲ್ಟು ತೋರಿಸುತ್ತಾಳೆ. ನೋಡುತ್ತಿರುವವರು ಮನೆಯಿಂದಲೇ ಫೋನ್ ಮಾಡಿ ಬೇಕಾದ್ದನ್ನು ಹೇಳಿದರೆ ಎರಡು ದಿನಕ್ಕೆ ಸಾಮಾನು ಬಾಗಿಲಿಗೆ ಬರುತ್ತದೆ. ಫೋನಿನ ಮಾತು ಅದೇ ಗಳಿಗೆಯಲ್ಲಿ ಟಿವಿಯಲ್ಲೂ ಕೇಳುತ್ತದೆ. ಯಾರು ಏನು ಕೊಂಡರೆಂದು ಶಿವಮೊಗ್ಗ, ಭದ್ರಾವತಿ ಎರಡೂ ಊರಿಗೆ ಗೊತ್ತಾಗುತ್ತದೆ; ಜನ ನೋಡುವುದೇ ಅದಕ್ಕೆ. ಸೋಮವಾರ ಹೆಂಗಸೊಬ್ಬಳು ಷಣ್ಮುಖಪ್ಪನ ಹೆಂಡತಿ ಎಂದು ಹೇಳಿಕೊಂಡು, ಮನೆ ನಂಬರಿನ ಸಮೇತ ಈ ಪುಡಿ ತರಿಸಿದ್ದಾಳೆ. ಷಣ್ಮುಖಪ್ಪ ಹುಟ್ಟಿದಾರಭ್ಯ ಹೆಂಡ ಮುಟ್ಟಿದವರಲ್ಲ. ಮಗಳು ಸಮತಾಳಿಗೆ ತರೀಕೆರೆಯ ಕಡೆ ಸಂಬಂಧ ಗೊತ್ತಾಗಿತ್ತು. ಗಂಡಿನ ಸೋದರತ್ತೆ ಶಿವಮೊಗ್ಗದಲ್ಲಿ ಕೂತು ಅದನ್ನು ಕೇಳಿದ್ದಾಳೆ. ಭಾನುವಾರದೊಳಗೆ ಮುಂದುವರಿಯುವುದೋ ಬಿಡುವುದೋ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದ್ದಾರೆ.

“ನಾನು ಕುಡಿಯಲ್ಲ ಅಂತ ಠಾಣೆಯಿಂದ ಒಂದು ಬರೆದುಕೊಡಿ ಮೇಡಂ” ಎಂದರು ಷಣ್ಮುಖಪ್ಪ.

ಒಳಗಿನಿಂದ ಇನ್‌ಸ್ಪೆಕ್ಟರ್ ಗಂಗಾಧರಪ್ಪ ಹೊರಬಂದರು. “ಕುಡಿದೋನಿಗಾದ್ರೆ ಸರ್ಟಿಫಿಕೇಟ್ ಮಾಡಿಸ್ಬೋದು ಯಜಮಾನ್ರೆ. ಕುಡೀದೋನಿಗೆ ಕೊಡೋ ಫಾರಂ ನಮ್ಮಲ್ಲಿಲ್ಲ. ಫೋನ್ ಮಾಡಿದೋರನ್ನ ಹಿಡಿದುಕೊಡ್ತೀವಿ, ಅದೇ ನಿಮ್ಮ ಸರ್ಟಿಫಿಕೇಟು.”

ಬೇರೊಬ್ಬರಂತೆ ನಟಿಸಿ ಮೋಸ ಮಾಡಿದ್ದಕ್ಕೆ ಐಪಿಸಿ 419ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಭವಾನಿ ಪೊಟ್ಟಣಕ್ಕೆ ಬಟ್ಟೆ ಸುತ್ತಿ ಅರಗಿನ ಮೊಹರು ಒತ್ತಿದಳು.

ಮರುದಿನ ಗುರುವಾರ ಹತ್ತೂವರೆಗೆ ಇನ್‌ಸ್ಪೆಕ್ಟರ್, ಭವಾನಿ ಇಬ್ಬರೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿದ್ದರು. ಚಾನೆಲ್ಲಿನ ಕಚೇರಿ ಸಗಟು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಗೋಡೆಗೆ ನೀಲಿ ಪರದೆ, ಎರಡು ದೀಪ, ಒಂದು ಕ್ಯಾಮೆರಾ, ಒಂದು ಫೋನು. ಇಷ್ಟರಿಂದಲೇ ಎರಡು ಊರಿನ ಹೆಂಗಸರ ಸಂಜೆ ಸಾಗುತ್ತಿತ್ತು. ಮಾಲೀಕ ಸುದರ್ಶನ ಕಾಫಿ ತರಿಸಿದ. ಯಾರ ಫೋನು ಎಲ್ಲಿಂದ ಬಂತೆಂದು ತೋರಿಸುವ ಯಂತ್ರ ತನ್ನಲ್ಲಿಲ್ಲ, ಹೇಳಿದ ಹೆಸರನ್ನು ನಂಬುತ್ತೇವೆ ಎಂದ.

ಇಬ್ಬರು ಪಂಚರನ್ನು ಕೂರಿಸಿಕೊಂಡು ಸೋಮವಾರದ ಕ್ಯಾಸೆಟ್ ಹಾಕಿಸಿದರು. ಕಾರ್ಯಕ್ರಮ ನಡೆಸುವ ಚೈತನ್ಯಾ ತೆರೆಯ ಮೇಲೆ ನಕ್ಕಳು; ಅದೇ ಚೈತನ್ಯಾ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಮೊದಲ ಕರೆ ಹೊಳೆಹೊನ್ನೂರು ರಸ್ತೆಯ ಹೆಂಗಸಿನದು. ಫೋನಿನೊಳಗೆ ಅವಳ ಮನೆಯ ಟಿವಿಯ ಸದ್ದು ಗೊಯ್ಯೆಂದು ಮೊಳಗಿತು. “ನಿಮ್ ಟಿವಿ ಸೌಂಡ್ ಕಮ್ಮಿ ಮಾಡ್ಕೊಳಿ ಆಂಟಿ” ಎಂದಳು ತೆರೆಯ ಚೈತನ್ಯಾ. ಎರಡನೆಯವರಿಗೂ ಅದೇ ಮಾತು. ಮೂರನೆಯವರಿಗೂ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ‘ಷಣ್ಮುಖಪ್ಪನ ಮನೆಯವರು’ ಮಾತಾಡಿದರು. ಧ್ವನಿ ತಗ್ಗಿತ್ತು, ಸ್ಪಷ್ಟವಾಗಿತ್ತು. ಹೆಸರು, ಸಾಲು, ಮನೆ ನಂಬರು, ಬೇಕಾದ ಸಾಮಾನು ಹೇಳಿ ಮುಗಿಸಿದರು. ಕೊನೆಗೆ ಯಾವುದೋ ಯಂತ್ರ ಕಿರ್‍ರೆಂದು ಕಾಗದ ಕಕ್ಕುವ ಸದ್ದು.

“ಎಸ್‌ಟಿಡಿ ಬೂತು” ಎಂದರು ಗಂಗಾಧರಪ್ಪ.

ಭವಾನಿಯ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಇನ್ನೊಮ್ಮೆ ಹಾಕಿಸಿದಳು. ಒಂಬತ್ತು ಜನರಲ್ಲಿ ಎಂಟು ಮಂದಿಗೆ ಟಿವಿ ತಗ್ಗಿಸಲು ಹೇಳಬೇಕಾಗಿ ಬಂದಿತ್ತು. ತನ್ನ ಮಾತು ಟಿವಿಯಲ್ಲಿ ಬರುವುದನ್ನು ಕೇಳುವ ಆಸೆ ಯಾರಿಗಿಲ್ಲ? ಇವಳೊಬ್ಬಳಿಗೆ ಮಾತ್ರ ಅದು ಬೇಡವಾಗಿತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿದಂತಿತ್ತು.

“ಈ ಪುಡಿ ವಾಪಸು ಬಂದಿದ್ದುಂಟಾ?” ಎಂದು ಕೇಳಿದಳು.

ಸುದರ್ಶನ ಪುಸ್ತಕ ತಂದ. ಹಿಂದಿನ ಆರು ತಿಂಗಳಲ್ಲಿ ‘ನಾವು ತರಿಸಿಲ್ಲ’ ಎಂದು ಏಳು ಮನೆಯವರು ಪುಡಿ ವಾಪಸು ಕಳಿಸಿದ್ದರು. ಏಳೂ ನಾಲ್ಕನೇ ಸಾಲಿನವು. ಷಣ್ಮುಖಪ್ಪನದು ಎಂಟನೆಯದು. ಉಳಿದವರು ಮುಖ ಮುಚ್ಚಿಕೊಂಡು ಸುಮ್ಮನಾಗಿದ್ದರು, ಠಾಣೆಗೆ ಬಂದವರು ಇವರೊಬ್ಬರೇ. ಭವಾನಿ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದಳು. ಆ ಸಾಲಿನಿಂದ ಒಬ್ಬರು ಮಾತ್ರ ಪುಡಿಯನ್ನು ತಾವೇ ತರಿಸಿ, ಸಹಿ ಹಾಕಿ ತೆಗೆದುಕೊಂಡಿದ್ದರು. 2001ರ ಆಗಸ್ಟ್ 8. ಉಮಾಮಹೇಶ್ವರಿ, ಮನೆ ನಂಬರು 61.

ಆ ಹೆಸರು ಓದಿ ಚೈತನ್ಯಾ ಉಗುರು ಕಚ್ಚುವುದನ್ನು ಬಿಟ್ಟಳು. ಏನೆಂದು ಕೇಳಿದ್ದಕ್ಕೆ, ಅದು ಭಾನುವಾರದ ಕರೆ ಎಂದಳು. ವಾರದ ಕರೆಗಳಲ್ಲಿ ನಗು ಬರುವಂಥವನ್ನು ಆರಿಸಿ ಭಾನುವಾರ ‘ವಾರದ ನಗೆ’ ಎಂದು ಮತ್ತೆ ಹಾಕುತ್ತಾರಂತೆ. ಉಮಾಮಹೇಶ್ವರಿಯದನ್ನು ಜನ ಕೇಳಿ ಕೇಳಿ ಹಾಕಿಸಿದರಂತೆ, ಐದು ಭಾನುವಾರ.

“ಬೇಡ ಅಂದೆ ಮೇಡಂ ನಾನು” ಎಂದಳು ಚೈತನ್ಯಾ, ಮಾಲೀಕನ ಕಡೆ ನೋಡದೆ. ಸುದರ್ಶನ ಕಾಫಿಯ ಲೋಟಗಳನ್ನು ಜೋಡಿಸತೊಡಗಿದ. ಪಂಚನಾಮೆ ಬರೆದು, ಸೋಮವಾರದ ಕ್ಯಾಸೆಟ್ಟನ್ನೂ ಉಮಾಮಹೇಶ್ವರಿಯ ಕರೆಯಿದ್ದ ಕ್ಯಾಸೆಟ್ಟನ್ನೂ ವಶಕ್ಕೆ ಪಡೆದು ಹೊರಬಿದ್ದಾಗ ಒಂದೂಕಾಲು.

ಶುಕ್ರವಾರ ಕ್ವಾರ್ಟರ್ಸಿನ ಸುತ್ತಲ ಬೂತುಗಳ ಸರದಿ. ಮೂರನೆಯದರಲ್ಲಿ ಬಿಲ್ಲಿನ ನಕಲು ಸುರುಳಿ ಸಿಕ್ಕಿತು: ಜೂನ್ 10, 16.20, ಚಾನೆಲ್ಲಿನ ನಂಬರು. ಬೂತಿನವನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಚಿಕ್ಕ ಟಿವಿ ಇಟ್ಟುಕೊಂಡಿದ್ದ. ನೆನಪಿಸಿಕೊಳ್ಳಲು ಅವನಿಗೆ ಹೊತ್ತು ಹಿಡಿಯಲಿಲ್ಲ.

“ಅಂಗನವಾಡಿ ಟೀಚರಮ್ಮ ಮೇಡಂ. ಬಂದಾಗೆಲ್ಲಾ ಮೊದ್ಲು ಆ ಟಿವಿ ಆಫ್ ಮಾಡಪ್ಪಾ ಅಂತಾರೆ. ತಲೆನೋವು ಇರ್ಬೋದು ಅಂತ ನಾನೂ ಮಾಡ್ತೀನಿ.”

ಆ ಸಾಲಿನ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕಿಸಲು ಮನೆ ಮನೆಯ ನಂಬರು ಬರೆದಿಟ್ಟುಕೊಂಡವಳು ಅವಳೇ, 61ನೇ ನಂಬರಿನ ಉಮಾಮಹೇಶ್ವರಿ.

ಜೂನ್ 15, ಶನಿವಾರ. ಬೆಳಿಗ್ಗೆ ಹನ್ನೊಂದೂವರೆಗೆ ಅಂಗನವಾಡಿಗೆ ಹೋದಾಗ ಉಮಾಮಹೇಶ್ವರಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಕೊರಳಲ್ಲಿ ಏನೂ ಇರಲಿಲ್ಲ. ಸಮವಸ್ತ್ರ ನೋಡಿ ಹೆದರಲಿಲ್ಲ. ಕೊನೆಯ ತಟ್ಟೆಗೂ ಬಡಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಠಾಣೆಯಲ್ಲಿ ಭವಾನಿಯ ಎದುರಿನಲ್ಲಿ ಇನ್‌ಸ್ಪೆಕ್ಟರ್ ಪ್ರಶ್ನೆ ಹಾಕಿದರು.

“ಸೋಮವಾರ ಬೂತಿಂದ ಫೋನ್ ಮಾಡಿದ್ದು ನೀವಾ?”

“ಹೂಂ.”

“ಅದಕ್ಕೂ ಮುಂಚೆ ಏಳು ಸಲ?”

“ಹೂಂ. ಎಲ್ಲಾ ನಾನೇ.”

“ಷಣ್ಮುಖಪ್ಪ ಕುಡಿಯಲ್ಲ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಸಾರ್. ನಮ್ಮನೆಯವ್ರು ಕುಡೀತಿದ್ರು, ಅದೂ ಸಾಲಿಗೆಲ್ಲಾ ಗೊತ್ತಿತ್ತು. ಟಿವೀಲಿ ಬರೋವರ್ಗೂ ಒಬ್ರೂ ಬಾಯಿ ಬಿಟ್ಟಿರ್ಲಿಲ್ಲ.”

ಆಮೇಲೆ ಅವಳಾಗಿಯೇ ಹೇಳಿದಳು. ಗಂಡ ಗೋವಿಂದಯ್ಯ ಕಾರ್ಖಾನೆಯಲ್ಲಿ ಫಿಟ್ಟರು. ಕುಡಿಯುತ್ತಿದ್ದ, ಬೆಳಿಗ್ಗೆ ಎದ್ದು ಅಳುತ್ತಿದ್ದ. ಪಕ್ಕದ ಮನೆಯ ಟಿವಿಯಲ್ಲಿ ಪುಡಿಯ ಜಾಹೀರಾತು ನೋಡಿ ನಂಬರು ಬರೆದುಕೊಂಡು ಹೋಗಿ ಬೂತಿನಿಂದ ಫೋನ್ ಮಾಡಿದಳು. ಅಂಗಡಿಯ ಹುಡುಗಿಯ ಹತ್ತಿರ ಗುಟ್ಟಾಗಿ ಮಾತಾಡುತ್ತಿದ್ದೇನೆ ಎಂದೇ ಅವಳು ತಿಳಿದದ್ದು. ಹುಡುಗಿ ಅಕ್ಕರೆಯಿಂದ ಕೇಳಿದಳು, ಇವಳು ಎಲ್ಲ ಹೇಳಿದಳು. ಹೊಡೆಯುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ‘ಆದ್ರೂ ಒಳ್ಳೇವ್ರು ಕಣಮ್ಮ’ ಎಂದದ್ದು. ಹೇಳಿ ಮುಗಿಸಿ ತಿರುಗಿದರೆ ಬೂತಿನ ಟಿವಿಯಲ್ಲಿ ಹುಡುಗಿ ಅವಳ ಹೆಸರನ್ನು ಹೇಳುತ್ತಿದ್ದಳು.

ಪುಡಿ ಬಂತು. ಗೋವಿಂದಯ್ಯ ತಾನಾಗಿಯೇ ಅದನ್ನು ಹಾಲಿಗೆ ಹಾಕಿಸಿಕೊಂಡು ಕುಡಿದ. ಹೆಂಡತಿ ಅಷ್ಟು ಅತ್ತಿದ್ದನ್ನು ಅವನೂ ಕೇಳಿದ್ದ. ಹನ್ನೊಂದು ದಿನ ಮುಟ್ಟಲಿಲ್ಲ. ಆದರೆ ಕಾರ್ಖಾನೆಯ ಗೇಟಿನಲ್ಲಿ ಹೆಸರು ಬಿದ್ದಾಗಿತ್ತು: ಪುಡಿ ಗೋವಿಂದಯ್ಯ. ‘ಹಾಸಿಗೆ ಒಣಗ್ತೇನೋ ಪುಡಿ?’ ಎಂದು ಮೊದಲು ಕೇಳಿದವರು ಷಣ್ಮುಖಪ್ಪ. ತಮಾಷೆಗೇ ಕೇಳಿದ್ದು. ಸಾಲಿನ ಉಳಿದ ಏಳು ಮನೆಯವರೂ ತಮಾಷೆಗೇ ನಕ್ಕರು. ಮೂರನೆಯ ಭಾನುವಾರ ಅದೇ ಕರೆ ಮತ್ತೆ ಟಿವಿಯಲ್ಲಿ ಬಂದಾಗ ಗೋವಿಂದಯ್ಯ ಚಪ್ಪಲಿ ಮೆಟ್ಟಿ ಹೊರಟ. ಮಂಗಳವಾರ ಭದ್ರಾ ನಾಲೆಯ ತೂಬಿನಲ್ಲಿ ಸಿಕ್ಕಿದ. ‘ಕುಡಿದ ಅಮಲಿನಲ್ಲಿ ಕಾಲು ಜಾರಿ’ ಎಂದು ಬರೆದು ಇದೇ ಠಾಣೆ ಕಡತ ಮುಚ್ಚಿತ್ತು.

“ಅವರು ಹೋದ್ಮೇಲೂ ಎರಡು ಭಾನುವಾರ ಹಾಕಿದ್ರು ಸಾರ್” ಎಂದಳು.

ಗಂಗಾಧರಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದರು. “ಆ ಹುಡುಗಿ ಸಮತಾ ಏನು ಮಾಡಿತ್ತು ನಿಮಗೆ?”

ಅಲ್ಲಿಯವರೆಗೆ ನೆಟ್ಟಗಿದ್ದ ಉಮಾಮಹೇಶ್ವರಿಯ ಕುತ್ತಿಗೆ ಬಾಗಿತು. “ನನ್ ಹತ್ರಾನೇ ಅ ಆ ಇ ಈ ಕಲಿತಿದ್ದು ಅದು. ಸಂಬಂಧದ ವಿಷ್ಯ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಮಾಡ್ತಿದ್ನೇನೋ. ಸುಳ್ಳು ಯಾಕೆ ಹೇಳ್ಲಿ?”

ಬಂಧನದ ಪತ್ರಕ್ಕೆ ಸಹಿ ಹಾಕುವಾಗ ಅವಳು ಭವಾನಿಯ ಕಡೆ ನೋಡಿದಳು. “ನಿಮ್ಗೆ ನನ್ನ ಗುರುತು ಹತ್ತಿಲ್ಲ ಅಲ್ವಾ? ಹೋದ್ವರ್ಷ ಅರ್ಜಿ ತಂದಿದ್ದೆ. ಅದನ್ನ ಟಿವೀಲಿ ಮತ್ತೆ ಹಾಕದ ಹಾಗೆ ಮಾಡಿ ಅಂತ ಡಿ.ಸಿ. ಸಾಹೇಬ್ರಿಗೆ ಬರೆದಿದ್ದು. ನಾವು ಕಳಿಸ್ತೀವಿ ಕೊಟ್ಟು ಹೋಗಿ ಅಂದ್ರಿ. ಅಲ್ಲೀತನಕ ಟಿವಿ ಆಫ್ ಮಾಡ್ಕೊಳಮ್ಮ ಅಂದ್ರಿ.”

ಭವಾನಿಗೆ ನಿಜವಾಗಿಯೂ ನೆನಪಿರಲಿಲ್ಲ. ದಿನಕ್ಕೆ ಹತ್ತು ಅರ್ಜಿ ಬರುವ ಜಾಗ ಅದು.

ಅಂದೇ ಮೂರು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು, ಜಾಮೀನು ಸಿಕ್ಕಿತು. ಅಂಗನವಾಡಿಯ ಕೆಲಸದಿಂದ ಬಿಡಿಸಿದ ಆದೇಶ ಮಾತ್ರ ಯಾವ ತಡವೂ ಇಲ್ಲದೆ ಸೋಮವಾರವೇ ಬಂತು.

ಮೊದಲ ದಿನ ಕೊಟ್ಟ ಮಾತಿನಂತೆ ಗಂಗಾಧರಪ್ಪ ಭಾನುವಾರ ಷಣ್ಮುಖಪ್ಪನ ಜೊತೆ ಭವಾನಿಯನ್ನು ತರೀಕೆರೆಗೆ ಕಳಿಸಿದರು. ಅವಳು ಎಫ್‌ಐಆರಿನ ಪ್ರತಿ ತೋರಿಸಿ, ಕರೆ ಸುಳ್ಳು, ಮಾಡಿದವಳು ಒಪ್ಪಿಕೊಂಡಿದ್ದಾಳೆ ಎಂದು ವಿವರಿಸಿದಳು. ಗಂಡಿನ ತಂದೆ ಸಾವಧಾನವಾಗಿ ಕೇಳಿದರು, ಕಾಫಿ ಕೊಡಿಸಿದರು, ಕೊನೆಗೆ ಹೇಳಿದರು:

“ಕುಡಿಯಲ್ಲ ಅಂತ ಪೊಲೀಸರ ಕೈಲಿ ಹೇಳಿಸೋ ಮನೆ ನಮಗೆ ಯಾಕೆ ಬೇಕು ಹೇಳಿ ತಾಯಿ?”

ವಾಪಸು ಬರುವ ಬಸ್ಸು ಭದ್ರಾವತಿ ಸೇತುವೆ ಹತ್ತಿತು. ಷಣ್ಮುಖಪ್ಪ ಒಂದೇ ಮಾತು ಹೇಳಿದರು. “ಗೇಟಲ್ಲಿ ನಾನೊಬ್ಬನೇ ಅಲ್ಲ ಮೇಡಂ ಅಂದಿದ್ದು. ಎಲ್ಲರೂ ಅಂದ್ರು.” ಭವಾನಿ ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಬೆಳಿಗ್ಗೆ ಅವಳು ದಾಸ್ತಾನು ಕೋಣೆಗೆ ಹೋಗಿ 2001ರ ಇತರೆ ಅರ್ಜಿಗಳ ಕಟ್ಟು ಬಿಚ್ಚಿದಳು. ಅಂಥ ಕಟ್ಟುಗಳನ್ನು ಹೊಲಿದವಳೂ ಅವಳೇ. ಮೂರು ಹೊಲಿಗೆ ಕತ್ತರಿಸಿದ ಮೇಲೆ ಸಿಕ್ಕಿತು. ರೂಲು ಹಾಳೆ, ದುಂಡನೆಯ ಅಕ್ಷರ, ಆಗಸ್ಟ್ 20ರ ತಾರೀಖು. ‘ಜಿಲ್ಲಾಧಿಕಾರಿಗಳಿಗೆ, ಠಾಣಾಧಿಕಾರಿಗಳ ಮುಖಾಂತರ.’ ‘ನನ್ನ ಯಜಮಾನರು ಪುಡಿ ತೆಗೆದುಕೊಂಡು ಸುಧಾರಿಸುತ್ತಿದ್ದಾರೆ, ದಯವಿಟ್ಟು ಇನ್ನೊಮ್ಮೆ ಹಾಕಿಸಬೇಡಿ’ ಎಂಬಲ್ಲಿಗೆ ಮುಗಿದಿತ್ತು. ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ‘ಸ್ವೀಕರಿಸಿದೆ’, ಕೆಳಗೆ ಭವಾನಿಯದೇ ಸಹಿ. ಗೋವಿಂದಯ್ಯ ಚಪ್ಪಲಿ ಮೆಟ್ಟಿ ಹೊರಟದ್ದು ಅದಾದ ಆರು ದಿನಕ್ಕೆ. ಜಿಲ್ಲಾಧಿಕಾರಿ ಕಚೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಇನ್‌ಸ್ಪೆಕ್ಟರ್ ಓದಿ, ಕನ್ನಡಕ ತೆಗೆದು, ಈಗ ಇದನ್ನು ಕಳಿಸಿದರೆ ಮೊದಲ ನೋಟಿಸು ಬರುವುದು ನಿನಗೇ ಎಂದರು. ಭವಾನಿ ಗೊತ್ತು ಎಂದಳು. ಭಾನುವಾರದ ‘ವಾರದ ನಗೆ’ ಇನ್ನೂ ಬರುತ್ತಿದೆ ಎಂದೂ ಹೇಳಿದಳು.

ಮೇಲುಪತ್ರವನ್ನು ಅವಳೇ ಬರೆದಳು. ಅರ್ಜಿ ಬಂದ ದಿನ, ಗೋವಿಂದಯ್ಯ ತೀರಿಕೊಂಡ ದಿನ, ಕ್ಯಾಸೆಟ್ಟುಗಳ ವಿವರ, ಎಂಟು ಮನೆಯವರ ಹೆಸರು. ವಿಳಂಬಕ್ಕೆ ಕಾರಣ ಎಂಬಲ್ಲಿ ‘ಕೆಲಸದ ಒತ್ತಡ’ ಎಂದು ಬರೆದು, ಹೊಡೆದುಹಾಕಿ, ‘ನಾನು ಕಳಿಸಲಿಲ್ಲ’ ಎಂದು ಬರೆದಳು. ಗಂಗಾಧರಪ್ಪ ಎರಡು ಸಲ ಓದಿ ಸಹಿ ಹಾಕಿದರು.

ಟಪಾಲು ಚೀಲಕ್ಕೆ ಹಾಕಲು ಮನಸ್ಸು ಬರಲಿಲ್ಲ. ಹನ್ನೆರಡು ಗಂಟೆಗೆ ತಾನೇ ಅಂಚೆ ಕಚೇರಿಗೆ ನಡೆದಳು. ಕೌಂಟರಿನವನು ಲಕೋಟೆಯನ್ನು ತೂಕಕ್ಕಿಟ್ಟು, ಸಾದಾ ಹಾಕಲೋ ರಿಜಿಸ್ಟರ್ ಮಾಡಲೋ ಎಂದು ಕೇಳಿದ.

“ರಿಜಿಸ್ಟರ್ ಮಾಡಿ” ಎಂದಳು ಭವಾನಿ. “ಯಾರು ತಗೊಂಡ್ರು ಅಂತ ಸಹಿ ಬೇಕು ನಂಗೆ.”

ಅವನು ಠಸ್ಸೆ ಒತ್ತಿ ಲಕೋಟೆಯನ್ನು ಹಿಂದಿನ ಬುಟ್ಟಿಗೆ ಎಸೆದ.