ಜೀವದ ಕಿಂಡಿ

"ನನ್ನ ತಮ್ಮ ಕೊಲೆಗಾರ ಅಲ್ಲಮ್ಮ. ಅವನು ಮಹಡಿಗೆ ಹೋಗಿದ್ದು ಚಳಿ ತಡೀಲಾರದೆ, ಅಷ್ಟೇ!" ಎಂದು ಮಾರೆನ್ ಅಳತೊಡಗಿದಾಗ ರೂಪರ್ಟ್ ಕಾಫಿ ಬಗ್ಗಿಸುವುದನ್ನೇ ಮರೆತ. ಪತ್ತೇದಾರಿಕೆಯಲ್ಲಿ ಊರಿಗೆಲ್ಲ ಹೆಸರಾದ ಒಟಿಲಿಯಮ್ಮನ ಹಳೆಯ ಒಡನಾಡಿ ಅವನು. ಕಣ್ಣೀರು ಕಂಡರೆ ಇವತ್ತಿಗೂ ಕೈ ಕಾಲು ಆಡುವುದಿಲ್ಲ.

ಹ್ಯಾಂಬರ್ಗಿನ ಈ ಅಕ್ಕ, ತಮ್ಮ ಯೋಸ್ಟನ ಜತೆ ವಾರಾಂತ್ಯ ಕಳೆಯಲು ಈ ಹಳೆಯ ಊರು ಫಾಲ್ಕೆನ್‌ರೀಡಿಗೆ ಬಂದು, ಕೋಟೆಗೋಡೆಗೆ ಅಂಟಿಕೊಂಡ ಮುದುಕ ಕಿಲಿಯಾನನ ಮನೆಯ ಕೆಳಕೋಣೆ ಹಿಡಿದಿದ್ದಳು. ಮರುದಿನ ಬೆಳಿಗ್ಗೆ ಕಿಲಿಯಾನ್ ಮಹಡಿಯಲ್ಲಿ, ಒಲೆಯ ಪಕ್ಕದ ಕುರ್ಚಿಯಲ್ಲಿ, ತಲೆಯೊಡೆದು ಸತ್ತಿದ್ದ. ಅವನ ತಮ್ಮನ ಮಗ ಫೈಟ್ ಸಂಜೆ ಕಪ್ಪು ನಿಲುವಂಗಿ ತೊಟ್ಟು, ಲಾಂದ್ರ ಹಿಡಿದು, ಪ್ರವಾಸಿಗರಿಗೆ ಓಣಿಗಳ ದೆವ್ವದ ಕತೆ ಹೇಳಿಕೊಂಡಿದ್ದವನು. ರಾತ್ರಿ ಕೆಲಸ ಮುಗಿಸಿ ಬಂದಾಗ ದೊಡ್ಡಪ್ಪ ತನ್ನೊಡನೆ ಚೆನ್ನಾಗಿಯೇ ಮಾತಾಡಿದರೆಂದೂ, ಆಮೇಲೆ ತಾನು ಬೇರೆಡೆ ಮಲಗಲು ಹೋದಾಗ ಮನೆಯಲ್ಲಿದ್ದವರು ಆ ಅಕ್ಕ ತಮ್ಮ ಇಬ್ಬರೇ ಎಂದೂ ಅವನು ಪೊಲೀಸರಿಗೆ ಹೇಳಿದ್ದ. ಮಹಡಿಯ ಬಾಗಿಲಲ್ಲಿ ಯೋಸ್ಟನ ಬೆರಳಚ್ಚು ಸಿಕ್ಕಿತು. ಅವನನ್ನು ಒಳಗೆ ಹಾಕಿದರು.

"ಚಳಿ ಎಲ್ಲಿಂದ ಬರ್ತಿತ್ತು?" ಒಟಿಲಿಯಮ್ಮ ಕೇಳಿದರು.

"ಮೆಟ್ಟಿಲ ಮೇಲಿಂದ. ಯಾರೋ ನಿಂತು ಊದಿದ ಹಾಗೆ. ತಮ್ಮ ಹೋಗಿ ಬಾಗಿಲು ಬಡಿದ, ಯಾರೂ ತೆಗೀಲಿಲ್ಲ."

"ಬೀಗದಕೈ ಕೊಟ್ಟಿದ್ದು ಯಾರು?"

"ಫೈಟ್. ಬೀದೀಲೇ ಕೊಟ್ಟ. ದೊಡ್ಡಪ್ಪ ಮಲಗಿದಾರೆ, ಎಬ್ಬಿಸಬೇಡಿ ಅಂದ. ನೋಡಿ, ಬಸ್ ಇಳಿದು ಓಣಿಗೆ ಕಾಲಿಟ್ಟಾಗ ತೆಗೆದ ಫೋಟೊ. ಎಷ್ಟು ಖುಷಿಯಾಗಿದ್ವಿ!"

ಮಂಜು, ಮರದ ತೊಲೆಗಳ ಮನೆಗಳು, ಸೂಟ್‌ಕೇಸ್ ಹಿಡಿದು ನಗುತ್ತಿರುವ ಯೋಸ್ಟ್. ಅವನ ತಲೆಯ ಮೇಲೆ, ಕಿಲಿಯಾನನ ಮನೆಯ ಸೂರಿನ ಕೆಳಗೆ, ಒಂದು ಕಪ್ಪು ಚೌಕ. ರೂಪರ್ಟ್ ಫೋಟೊವನ್ನು ಕಣ್ಣ ಹತ್ತಿರ ಹಿಡಿದ. ಅದು ಜೀವದ ಕಿಂಡಿ. ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ, ಸತ್ತವರ ಜೀವ ಹೊರಗೆ ಹೋಗಲೆಂದು ತೆರೆಯುವಂಥದ್ದು. ಮುದುಕ ಸಾಯುವ ಮೊದಲೇ ಅದು ತೆರೆದಿತ್ತು!

"ಸಾವು ಮೊದಲೇ ಬಂದು ಕೂತಿತ್ತು ಕಣೇ," ಎಂದು ಒಟಿಲಿಯಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

"ಹಲ್ಲು ಕಟಕಟ ಅನ್ನಿಸಬೇಡ, ಕೋಟು ಹಾಕ್ಕೋ," ಎಂದರು ಒಟಿಲಿಯಮ್ಮ.

ಮಧ್ಯಾಹ್ನ ಫೈಟ್, ಇನ್‌ಸ್ಪೆಕ್ಟರ್ ಹೋಲ್ತ್ಸರ್, ಎಲ್ಲರೂ ಕಿಲಿಯಾನನ ಕೋಣೆಯಲ್ಲಿ ಸೇರಿದರು. ಹೊರಗೆ ಮಂಜು ಕರಗಿರಲಿಲ್ಲ. ಕಿಂಡಿ ಇನ್ನೂ ತೆರೆದೇ ಇತ್ತು. ಅದನ್ನು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಪಕ್ಕದ ಮನೆಯ ವಾಲ್ಬುರ್ಗಾ ಶಿಲುಬೆ ಗುರುತು ಮಾಡಿಕೊಂಡು ಮೂಲೆಯಲ್ಲಿ ಕೂತಳು.

"ವಾಲ್ಬುರ್ಗಾ, ಹೆಣ ಮೊದಲು ನೋಡಿದ್ದು ನೀನು. ಕಿಂಡಿ ತೆಗೆದದ್ದೂ ನೀನೇನಾ?" ಒಟಿಲಿಯಮ್ಮ ಕೇಳಿದರು.

"ಅಯ್ಯೋ ಇಲ್ಲಮ್ಮ! ಕಿರುಚಿಕೊಂಡು ಕೆಳಗೆ ಓಡಿದೆ. ಆಮೇಲೆ ಬಂದ ಫೈಟ್ ತೆಗೆದ ಅಂದ್ಕೊಂಡೆ."

"ಹೌದು, ನಾನೇ," ಎಂದ ಫೈಟ್ ಗಂಭೀರವಾಗಿ. "ಬೆಳಿಗ್ಗೆ ಬಂದು ಮೊದಲು ಮಾಡಿದ್ದೇ ಅದು. ದೊಡ್ಡಪ್ಪನ ಜೀವಕ್ಕೆ ದಾರಿ ಬೇಡವಾ?"

ಒಟಿಲಿಯಮ್ಮ ಫೋಟೊವನ್ನು ಇನ್‌ಸ್ಪೆಕ್ಟರ್ ಹೋಲ್ತ್ಸರ್ ಕೈಗೆ ಕೊಟ್ಟರು. "ಇದು ಹಿಂದಿನ ಸಂಜೆಯದು. ಇವರಿಬ್ಬರೂ ಮನೆ ಮೆಟ್ಟಿಲು ಹತ್ತೋ ಮೊದಲು. ಕಿಂಡಿ ಆಗಲೇ ತೆರೆದಿದೆ. ಯೋಸ್ಟನನ್ನ ನಡುಗಿಸಿದ ಚಳಿ ಅಲ್ಲಿಂದಲೇ ಇಳಿದದ್ದು."

"ದೊಡ್ಡಪ್ಪನೇ ಗಾಳಿಗೆ..." ಫೈಟ್ ತೊದಲಿದ.

"ಈಗಷ್ಟೇ ನಾನು ಬೆಳಿಗ್ಗೆ ತೆಗೆದೆ ಅಂದೆಯಲ್ಲೋ! ಮನೇಲಿ ಹೆಣ ಇಲ್ಲದಾಗ ಅದನ್ನ ತೆಗೆದರೆ ಸಾವನ್ನ ಕರೆದ ಹಾಗೆ ಅಂತ ದಿನಾ ಸಂಜೆ ಹೇಳೋನು ನೀನೇ. ಅಂದ್ಮೇಲೆ ತೆಗೆದಾಗ ಇಲ್ಲಿ ಹೆಣ ಇತ್ತು. ಹ್ಯಾಂಬರ್ಗಿನವರಿಗೆ ಈ ಕಿಂಡಿಯ ಸಂಗತಿಯೇ ಗೊತ್ತಿಲ್ಲ. ಗೊತ್ತಿದ್ದೋನು, ಸತ್ತವನ ಜತೆ ರಾತ್ರಿ ಮಾತಾಡಿದೆ ಅಂದೋನು, ಮುದುಕನನ್ನ ಎಬ್ಬಿಸಬೇಡಿ ಅಂತ ತಡೆದೋನು, ಒಬ್ಬನೇ."

ಫೈಟ್ ಕುಸಿದು ಕೂತ. "ಮನೆ ಮ್ಯೂಸಿಯಮ್ಮಿಗೆ ಬರೆದುಕೊಟ್ಟು ನನ್ನ ಹೊರಗೆ ಹಾಕ್ತೀನಿ ಅಂದ. ಒಲೆ ಕೆದಕೋ ಸಲಾಕೆ ಕೈಗೆ ಸಿಕ್ತು. ಆಮೇಲೆ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿದ್ದ, ಒಟಿಲಿಯಮ್ಮ. ಜೀವ ಹೊರಗೆ ಹೋಗಲಿ ಅಂತ ಕಿಂಡಿ ತೆಗೆದೆ."

"ಜೀವ ಹೊರಟ ಮೇಲೆ ಮುಚ್ಚಬೇಕಲ್ಲ? ಇಲ್ಲದಿದ್ರೆ ಮರಳಿ ಬರುತ್ತೆ ಅಂತಾರೆ. ಯಾಕೆ ಮುಚ್ಚಲಿಲ್ಲ?"

"ಮುಚ್ಚೋಕೆ ಎಳೆದೆ." ಅವನ ದನಿ ಉಡುಗಿತ್ತು. "ಹೊರಗಿಂದ ಯಾರೋ ಹಿಡ್ಕೊಂಡಿದ್ರು."

ಇನ್‌ಸ್ಪೆಕ್ಟರ್ ಫೋನ್ ತೆಗೆದು, ಯೋಸ್ಟನನ್ನು ಬಿಡುವಂತೆ ಠಾಣೆಗೆ ಹೇಳಿದ. ಮಾರೆನ್ ಒಟಿಲಿಯಮ್ಮನನ್ನು ತಬ್ಬಿಕೊಂಡು ಬಿಕ್ಕಿದಳು.

ಫೈಟನನ್ನು ಕರೆದೊಯ್ದ ಮೇಲೆ ಒಟಿಲಿಯಮ್ಮ ಕಿಂಡಿ ನೋಡಿದರು. "ಮಂಜಿನ ತೇವಕ್ಕೆ ಮರ ಉಬ್ಬಿ ಕಚ್ಚಿಕೊಂಡಿದೆ. ಸ್ಟೂಲ್ ಹತ್ತಿ ಜೋರಾಗಿ ಎಳೆದು ಮುಚ್ಚು ರೂಪರ್ಟ್."

ರೂಪರ್ಟ್ ಸ್ಟೂಲ್ ಹತ್ತಿ, ಮೈಯ ಬಲವನ್ನೆಲ್ಲ ಕೈಗೆ ತಂದುಕೊಂಡು, ಮೊದಲು ಒಂದು ಬೆರಳು ತಾಗಿಸಿದ. ಕಿಂಡಿ ಕಿರುಗುಟ್ಟದೆ, ತಾನಾಗಿಯೇ ಮುಚ್ಚಿಕೊಂಡಿತು.