ನಾಲ್ಕನೆಯ ನಿಂಬೆಹಣ್ಣು

"ನಿಂಬೆಹಣ್ಣು ಮಾತ್ರ ಇಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ," ಎಂದಳು ವೆನಿಸ್ಸಾ, ಮಾರಿದ ಕಾರಿನ ಕೀಲಿಯನ್ನು ಇನ್ನೂ ಕೈಬಿಡದೆ. "ಇಟ್ರೆ ನಾಲ್ಕೂ ಚಕ್ರಕ್ಕೆ ಇಡ್ಬೇಕು. ಒಂದು ತಪ್ಪಿದ್ರೆ ಆ ಹಣ್ಣು ಎಲ್ಲಿ ಹೋಯ್ತೋ ಅಲ್ಲಿಗೇ ಈ ಗಾಡಿ ಬರ್ತದೆ. ನನ್ನ ಗಂಡ ಸ್ಯಾವಿಯೊನಿಗೆ ಅವನ ಅಣ್ಣನೇ ಮಾಟ ಮಾಡಿಸಿದ್ದು. ಈ ಗಾಡಿಯೇ ಅವನನ್ನು ತಿಂದದ್ದು."

ದ್ವಾರಕನಾಥ ನಕ್ಕ. ಜರ್ಮನಿಯ ಅಬ್‌ಸ್ಟಾಟ್ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಬ್ರೇಕು ಪರೀಕ್ಷಿಸುವ ಇಂಜಿನಿಯರು ಅವನು. "ಬ್ರೇಕ್ ಇರೋ ಕಡೆ ಮಾಟ ಓಡಲ್ಲ ಮೇಡಂ," ಎಂದು ಕೀಲಿ ಎಳೆದುಕೊಂಡ. ಮೈಸೂರಿನ ಹಾಸ್ಟೆಲ್ ಗೋಡೆಗೆ ಚಿತ್ರ ಅಂಟಿಸಿಕೊಂಡು ಆರಾಧಿಸಿದ ಕಾರು ಅದು. ೧೯೬೮ರ ಅಮೆರಿಕನ್ ಗಾಡಿ, ಎಂಟು ಸಿಲಿಂಡರು, ಇಂಜಿನ್ ನಂಬರೂ ಬಾಡಿ ನಂಬರೂ ಇಂದಿಗೂ ತಾಳೆಯಾಗುವಂಥದ್ದು, ಅಂದರೆ ಹುಟ್ಟಿದಾಗಿನ ಇಂಜಿನ್ನೇ ಉಳಿದಿರುವಂಥದ್ದು. ವಿಧವೆಯ ಕಣ್ಣೀರಿಗಿಂತ ಆ ನಂಬರೇ ಅವನಿಗೆ ದೊಡ್ಡದಾಗಿ ಕಂಡಿತು.

ಭಾನುವಾರ ಮಧ್ಯಾಹ್ನ ಮನೆಯಂಗಳದಲ್ಲಿ ಹೆಂಡತಿ ಲಾವಣ್ಯಾ ಬಾನೆಟ್ಟಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟಳು. ವೆನಿಸ್ಸಾಳ ಮಾತನ್ನು ಗಂಡ ಅವಳಿಗೆ ಹೇಳಿರಲಿಲ್ಲ. ಅವನಿಗೋ ಕೀಟಲೆ. ಹಿಂದಿನ ಎಡ ಚಕ್ರದ ಹಣ್ಣನ್ನು ಎತ್ತಿ, ಕೊಯ್ದು, ಸೋಡಾಕ್ಕೆ ಹಿಂಡಿ, ಆರು ವರ್ಷದ ಮಗಳು ಪವಿಯ ಕೈಗಿತ್ತ.

"ಏನ್ರೀ ಇದು? ಪೂಜೆಗಿಟ್ಟಿದ್ದು," ಎಂದಳು ಲಾವಣ್ಯಾ.

"ಮೂರು ಸಾಕು ಬಿಡೇ. ನಾಲ್ಕನೇದು ಮಗು ಹೊಟ್ಟೆಗೆ."

ಗಾಡಿ ಮುಂದೆ ಸರಿಯಿತು. ಮೂರು ಹಣ್ಣು ಪಚ್ಚೆಂದು ಒಡೆದವು. ಇಂಜಿನ್ನಿನ ಗುಡುಗು ಎದೆಗೂಡಿಗೆ ಇಳಿದು ಅವನಿಗೆ ಕಣ್ಣೀರೇ ಬಂತು, ಅಷ್ಟು ಸುಖ. ಐದು ನಿಮಿಷ ಕಣ್ಣು ಮುಚ್ಚಿ ಅದನ್ನೇ ಕೇಳಿದ. ಆಮೇಲೆ ಆಫ್ ಮಾಡಿ, ಕೀಲಿ ಜೇಬಿಗಿಳಿಸಿ ಕೆಳಗಿಳಿದ.

ಆಗ ವಾಸನೆ ಬಂತು. ಪೆಟ್ರೋಲಿನದಲ್ಲ. ಕೊಳೆತ ನಿಂಬೆ, ಸುಟ್ಟ ಕೂದಲು.

ಕಾರು ತಾನಾಗಿ ಹಿಂದಕ್ಕೆ ಉರುಳಿತು. ಹಿಂದೆ ಪವಿ ನಿಂತಿದ್ದಳು. ಅವಳ ಶೂ ಲೇಸು ಕಟ್ಟುತ್ತ ಲಾವಣ್ಯಾ ಕೂತಿದ್ದಳು. ಅವನು ಒಳಗೆ ನುಗ್ಗಿ ಬ್ರೇಕು ತುಳಿದ. ಮೂರು ಚಕ್ರ ಕಚ್ಚಿ ನಿಂತವು. ಹಿಂದಿನ ಎಡ ಚಕ್ರ ನಿಲ್ಲಲಿಲ್ಲ. ನಿಂತ ಮೂರನ್ನೂ ಜಲ್ಲಿಯ ಮೇಲೆ ಎಳೆದುಕೊಂಡು ಹೊರಟಿತು. ಹಾರಿ ಇಳಿದ. ಕೂಗಿದ. ಕೂಗು ಜಲ್ಲಿಯ ಸದ್ದಿನಲ್ಲಿ ಮುಳುಗಿತು. ಎರಡು ಮಾರು. ಒಂದು. ತನ್ನ ಕಾಲನ್ನೇ ಚಕ್ರಕ್ಕೆ ಕೊಟ್ಟ.

ಮೂಳೆ ಪುಡಿಯಾಯಿತು. ಕಾರು ನಿಂತಿತು. ಮತ್ತೆ ಅರ್ಧ ಸುತ್ತು ಮುಂದೆ ಸರಿಯಿತು, ಬೇಡದ ತುತ್ತನ್ನು ಉಗುಳಿದ ಹಾಗೆ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ದ್ವಾರಕನಾಥನಿಗೆ ಕೆಟ್ಟ ಮೇಲೂ ಬಂದದ್ದು ಜಂಭವೇ. ಮೂರನೆಯ ದಿನ, ಸುದ್ದಿ ಕೇಳಿ ಮನೆಗೆ ಹೋಗಿ ಪವಿಯನ್ನು ಆಸ್ಪತ್ರೆಗೆ ಕರೆತಂದ ವೆನಿಸ್ಸಾಳಿಗೆ ನಾಲ್ಕನೆಯ ಹಣ್ಣಿನ ಕತೆ ಹೇಳಿ, "ಕಾಲು ಕೊಟ್ಟೆ, ಮಗಳನ್ನ ಉಳಿಸ್ಕೊಂಡೆ. ತೀರ್ತು," ಎಂದ.

"ಕೊಟ್ಟದ್ದನ್ನು ಅದು ತೆಗೊಳ್ಳುವುದಿಲ್ಲ," ಎಂದಳು ಅವಳು ಮೆಲ್ಲಗೆ. "ಹಣ್ಣು ಹೋದ ಹೊಟ್ಟೆಯೇ ಬೇಕು ಅದಕ್ಕೆ."

ಅವನು ಮಗಳನ್ನು ಅಪ್ಪಿಕೊಂಡ.

"ನಾನು ಕುಡೀಲೇ ಇಲ್ಲ ಪಪ್ಪಾ," ಎಂದಳು ಪವಿ. "ತುಂಬಾ ಹುಳಿ. ಅಮ್ಮಂಗೆ ಕೊಟ್ಟೆ. ಅಮ್ಮ ಪೂರ್ತಿ ಕುಡಿದ್ಲು."

ಹೆಂಡತಿಗೆ ಫೋನ್ ಮಾಡಿದ.

"ಮನೇಲೇ ಇದೀನಿ ರೀ," ಎಂದಳು ಲಾವಣ್ಯಾ. "ಆ ಗಾಡಿ ಸಾಗಿಸೋಕೆ ಟ್ರಕ್ ಬರ್ತಿದೆ. ಗಾಡಿ ಹಿಂದೇನೇ ನಿಂತು ಕಾಯ್ತಿದೀನಿ."

"ಅಲ್ಲಿಂದ ಹೋಗೇ. ಓಡು."

"ಏನು? ಕೇಳಿಸ್ತಿಲ್ಲ, ಇಂಜಿನ್ ಸದ್ದು. ಕೀಲಿ ನೀವು ಯಾರಿಗೆ ಕೊಟ್ರಿ?"

ಕೀಲಿ ಅವನ ದಿಂಬಿನ ಪಕ್ಕದಲ್ಲೇ ಇತ್ತು.