ಬಲಗಾಲಿಗೆ ಮಾತ್ರ ಕೆಂಪು

ನನ್ನಂಥ ದರ್ಜಿ ಈ ಊರಿನಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಾನು ಹೊಲಿದ ಕೋಟು ತೊಡಿಸಿದರೆ ಕತ್ತೆಯೂ ಮದುಮಗನಂತೆ ಎದೆಯೆತ್ತಿ ನಡೆಯುತ್ತದೆ. ಕಾಯಿಲೆಯಲ್ಲೂ ನಾನು ಸಣ್ಣದಕ್ಕೆ ಒಪ್ಪಿದವನಲ್ಲ. ಬೆನ್ನುಮೂಳೆಗೇ ಉರಿಯೂತ. ಉರಿದು ಉರಿದು ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು, ಕೊಡೆಯ ಹಿಡಿಕೆಯಂತೆ ಬಾಗಿಹೋದೆ. ಕತ್ತು ಅತ್ತಿತ್ತ ಹೊರಳದು. ನಾನು ಮೋಡ ನೋಡಬೇಕೆಂದರೆ ರಸ್ತೆಯ ಗುಂಡಿಯಲ್ಲಿ ನೀರು ನಿಲ್ಲಬೇಕು.

ಹಾಗಾಗಿ ಆಸ್ಪತ್ರೆಯ ಯೋಗದ ಹಾಲ್‌ನಲ್ಲಿ ನಾನು ಪ್ರೀತಿಸಿದ್ದು ಎರಡು ಪಾದಗಳನ್ನು. ಪಕ್ಕದ ಚಾಪೆಯವು. ಬಲಗಾಲಿನ ಉಗುರಿಗೆ ಮಾತ್ರ ಕೆಂಪು ಬಣ್ಣ.

"ಇದೇನು ಮೇಡಂ, ಹೊಸ ಫ್ಯಾಶನ್ನಾ?"

"ಪಾರ್ಲರ್ ನಡೆಸೋಳು ನಾನು. ಕೈಬೆರಳೆಲ್ಲ ಊದ್ಕೊಂಡಿದೆ. ಒಂದು ಕಾಲಿಗೆ ಹಚ್ಚೋಷ್ಟರಲ್ಲಿ ಬ್ರಷ್ ಜಾರಿಹೋಯ್ತು. ನಗ್ಬೇಡಿ."

"ನಕ್ಕಿದ್ದು ಯಾರು?"

"ಭುಜ ಕುಲುಕ್ತಾ ಇದೆಯಲ್ಲ, ಟೇಲರ್ರೇ!"

ಆ ದನಿಗೆ ನನ್ನ ಎದೆ ಮೂರು ಲೋಕ ಸುತ್ತಿ ಬಂತು.

"ಒಂದಲ್ಲ ಒಂದು ದಿನ ನೆಟ್ಟಗೆ ನಿಂತು ನಿಮ್ಮ ಮುಖ ನೋಡ್ತೀನಿ. ಆಮೇಲೆ ಒಂದು ಮಾತು ಕೇಳೋದಿದೆ," ಎಂದು ಜಂಬ ಕೊಚ್ಚಿದೆ.

ಅಂದಿನಿಂದ ಯೋಗದ ಮೇಷ್ಟ್ರೇ ಬೆವರಿ ಓಡುವಷ್ಟು ಕೈ ಚಾಚಿದೆ, ಉಸಿರೆಳೆದೆ. ಬೆಳಗಿನ ಬಿಗಿತ ಸಡಿಲವಾಯಿತು. ನೋವು ತಗ್ಗಿತು.

ಕೊನೆಗೆ ಡಾಕ್ಟರಮ್ಮ ರಕ್ತದ ರಿಪೋರ್ಟು, ಎಕ್ಸ್‌ರೇ ಎರಡನ್ನೂ ನೋಡಿದರು. "ಉರಿಯೂತ ಇಳಿದಿದೆ. ಮಾತ್ರೆ, ಯೋಗ ಎರಡನ್ನೂ ಬಿಡ್ಬೇಡಿ. ಆದ್ರೆ ಬೆಸೆದ ಮೂಳೆ ಮತ್ತೆ ಬಿಡಿಸ್ಕೊಳ್ಳಲ್ಲ. ಕತ್ತು ಇನ್ನು ಇಷ್ಟೇ."

ಬೆಂಕಿ ಆರಿತ್ತು. ಸುಟ್ಟ ಮನೆ ಸುಟ್ಟದ್ದೇ.

ಹಾಲ್‌ಗೆ ಬಂದು ಚಾಪೆ ಸುತ್ತತೊಡಗಿದೆ.

"ಏನಂದ್ರು?" ಪಾದಗಳು ಎದುರು ಬಂದು ನಿಂತವು.

ಲೋಕದ ಮೊದಲನೇ ಬಡಾಯಿಗಾರನಿಗೆ ಒಂದೇ ಒಂದು ಬಡಾಯಿಯೂ ಬಾಯಿಗೆ ಬರಲಿಲ್ಲ.

"ನಿಮ್ಮ ಮುಖ ನೋಡೋದು ನನ್ನ ಹಣೇಲಿ ಬರೆದಿಲ್ಲವಂತೆ."

ಪಾದಗಳು ಮೆಲ್ಲಗೆ ಹಿಂದೆ ಸರಿದವು. ಹೊರಟಳು ಎಂದುಕೊಂಡೆ. ಆದರೆ ಮೊಣಕಾಲು ನೆಲಕ್ಕೆ ತಾಗಿತು. ಊದಿದ ಕೈ ಊರಿದಾಗ ಹಲ್ಲು ಕಚ್ಚಿದ ಸಣ್ಣ ನರಳಿಕೆ. ಬರಿ ನೆಲದ ಮೇಲೆ, ನನ್ನ ಕಾಲ ಬುಡದಲ್ಲೇ, ಅವಳು ಅಂಗಾತ ಮಲಗಿದಳು.

ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಒಂದೇ ಕೆನ್ನೆಗೆ ಗುಳಿ. ಕಣ್ಣು ಒದ್ದೆ.

"ನೋಡ್ಕೊಳ್ಳಿ. ಆ ಮಾತೂ ಬೇಗ ಕೇಳಿಬಿಡಿ, ನೆಲ ತಣ್ಣಗಿದೆ."

ಕೇಳಿದೆ.

ಅವಳು ಮಲಗಿದಲ್ಲೇ ಬಣ್ಣವಿಲ್ಲದ ಎಡಗಾಲನ್ನು ಸ್ವಲ್ಪ ಮೇಲೆತ್ತಿದಳು. "ಹೇಗೂ ಬಗ್ಗೇ ಇದ್ದೀರಲ್ಲ. ಇದಕ್ಕೆ ಇನ್ಮೇಲೆ ನೀವೇ ಬಣ್ಣ ಹಚ್ಚಿ."